ಹಿಂದಿನ ಗಾಲಿಯ ಗರಗರ

ಹಳೆಯ 9, ಈಗಿನ 65ನೇ ರಾಷ್ಟ್ರೀಯ ಹೆದ್ದಾರಿ ಬಿಟ್ಟು ಸಸ್ತಾಪುರ ಬಂಗ್ಲಾದಲ್ಲಿ ಬಸವಕಲ್ಯಾಣದ ಕಡೆ ಹೊರಳುವ ಗಾಡಿಗಳೆಲ್ಲ ಅನುಭವ ಮಂಟಪಕ್ಕೇ ಬಂದವಲ್ಲ. ಎಂಎಚ್ 25, ಟಿಎಸ್ 15, ಊರಿನದೇ ಕೆಎ 56 ನಂಬರಿನ ಲಾರಿಗಳು ಆಟೊ ನಗರ ಹುಡುಕಿಕೊಂಡು ಬರುತ್ತವೆ. ಅಲ್ಲಿ ತಗಡು ಬಡಿಯುವ ಸುತ್ತಿಗೆ, ವೆಲ್ಡಿಂಗಿನ ಚಟಪಟ, ಲೈನರಿಗೆ ರಿವೆಟ್ ಕೂರಿಸುವ ಟಕಟಕ. ಈ ಗದ್ದಲದಲ್ಲಿ ಒಂದು ಗಾಲಿಯ ಸದ್ದು ಕೇಳಿಸಿಕೊಳ್ಳುವುದಕ್ಕೆ ಬೇರೆಯೇ ಕಿವಿ ಬೇಕು.

ಹುಮನಾಬಾದಿನಿಂದ ಬಂದ ಹಳೆ ಜೀಪಿನ ಯಜಮಾನರು ಇಳಿಯುವ ಮೊದಲೇ ತೀರ್ಪು ಕೊಟ್ಟರು: "ಹಿಂದ ಗರಗರ ಅನ್ಲತದ ಉಸ್ತಾದ. ರಾಜೇಶ್ವರ ದಾಟಿದ ಮ್ಯಾಲಂತೂ ಭಾಳ ಆಯ್ತು. ಬೇರಿಂಗ್ ಹೋಗ್ಯದ."

ಉಸ್ತಾದರು ಪಾನಾ ಮುಟ್ಟಲಿಲ್ಲ. "ಬ್ರೇಕ್ ಒತ್ತಿದಾಗ ಹೆಚ್ಚಾಗ್ತದೇನ್ರಿ ಕಾಕಾ? ಎಡಕ್ಕ ಹೊರಳಿಸಿದಾಗ? ಎಕ್ಸಲೇಟರ್ ಬಿಟ್ಟಾಗ?"

ಒಂದೊಂದು ಪ್ರಶ್ನೆಯ ಹಿಂದೆಯೂ ಒಬ್ಬೊಬ್ಬ ಆರೋಪಿ. ಬೇರಿಂಗ್ ಸವೆದಿದ್ದರೆ ಸದ್ದು ವೇಗದ ಜೊತೆ ಏರುತ್ತದೆ, ಬ್ರೇಕಿಗೆ ಸೊಪ್ಪು ಹಾಕುವುದಿಲ್ಲ. ಎಡಕ್ಕೆ ಹೊರಳಿದಾಗ ಭಾರ ಬಲಗಾಲಿಯ ಮೇಲೆ ಬೀಳುವುದರಿಂದ ಆಗ ಜೋರಾದರೆ ಬಲಗಡೆಯದೇ ಕೆಟ್ಟಿದೆ ಎಂದು ಗುಮಾನಿ. ಜೀಪಿಗೆ ಎಂಜಿನ್ನಿನ ಬಲ ಹಿಂದಿನ ಗಾಲಿಗೆ ಹೋಗುವುದರಿಂದ ನಡುವಿನ ಕ್ರೌನ್ ಕೂಡ ಕೂಗಬಹುದು. ಆದರೆ ಆ ಕೂಗು ಎಕ್ಸಲೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ. ಕಾಕಾ ನೆನಪು ಮಾಡಿಕೊಂಡು ಹೇಳಿದ್ದು ಬೇರೆಯೇ: ಮೊದಮೊದಲು ಬ್ರೇಕ್ ಒತ್ತಿದಾಗಷ್ಟೇ ಬರುತ್ತಿತ್ತು, ಈಗ ಸದಾ ಇರುತ್ತದೆ.

ಮುಂದಿನ ಗಾಲಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ಗೇರ್ ನ್ಯೂಟ್ರಲ್ ಮಾಡಿ ಬಲಗಡೆ ಜಾಕ್ ಏರಿಸಿದರು. ಗಾಲಿಯನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಿಸಿದರೆ ಆಟವಿಲ್ಲ. ತಿರುಗಿಸುತ್ತ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಹೌಸಿಂಗಿಗೂ ಹಿಡಿಯನ್ನು ಕಿವಿಗೂ ಒತ್ತಿದರು. ಬೀಸುಕಲ್ಲಿಗೆ ಜೋಳದ ಜೊತೆ ಹರಳು ಸಿಕ್ಕಂಥ ಸದ್ದು, ಒಂದೇ ಜಾಗದಲ್ಲಿ ತಿರುತಿರುಗಿ.

"ತಮ್ಮಾ, ಡ್ರಮ್ ಬಿಚ್ಚು."

ಬಿಚ್ಚುವುದೇನು ಸುಲಭವಲ್ಲ. ಡ್ರಮ್ಮಿನ ಅಂಚು ಸವೆಯದೆ ದಿಬ್ಬವಾಗಿ ಉಳಿದಿರುತ್ತದೆ, ಶೂ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಹುಡುಗ ಹಿಂದಿನ ತೂತಿನಿಂದ ಅಡ್ಜಸ್ಟರ್ ಸಡಿಲಿಸಿ, ಸುತ್ತಲೂ ಮೆಲ್ಲಗೆ ಬಡಿದು ಹೊರಗೆಳೆದ. ಕರಿ ಧೂಳು ಉದುರಿತು. ಅವನು ಗಾಳಿಯ ಪೈಪಿಗೆ ಕೈ ಹಾಕಿದಾಗ ಉಸ್ತಾದರು ಗದರಿಸಿ ಒದ್ದೆ ಬಟ್ಟೆ ಕೊಟ್ಟರು. ಹಳೆ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಪುಪ್ಪುಸಕ್ಕೆ ಕೇಡು. ಎಲ್ಲ ಗ್ಯಾರೇಜಿನಲ್ಲೂ ಈ ಗದರಿಕೆ ಕೇಳಿಸಬೇಕಿತ್ತು.

ಲೈನರ್ ಕಾಗದದಷ್ಟು ತೆಳ್ಳಗಾಗಿ ರಿವೆಟ್‌ಗಳ ತಲೆ ಮಿನುಗುತ್ತಿದ್ದವು. ಅವು ಕೊರೆದ ಗೆರೆಗಳು ಡ್ರಮ್ಮಿನ ಒಳಗೆ ಉಗುರಿಗೆ ಸಿಗುತ್ತಿದ್ದವು. ಡ್ರಮ್ಮಿನ ಮೇಲೆ ಎರಕದಲ್ಲೇ ಮೂಡಿಸಿದ ಗರಿಷ್ಠ ವ್ಯಾಸದ ಅಂಕಿಯನ್ನು ಉಸ್ತಾದರು ಬೆರಳಿನಿಂದ ಒರೆಸಿ ಓದಿ, ಅಳೆದು, ಲೇತಿಗೆ ಕಳಿಸಿದರು; ಆ ಅಂಕಿ ಮೀರುವಷ್ಟು ಸವೆದಿದ್ದರೆ ಗುಜರಿಗೇ ಹೋಗಬೇಕಿತ್ತು.

"ಬಲಗಡೀದಷ್ಟೇ ಹಾಕ್ರಿ, ರೊಕ್ಕ ಉಳೀತದ," ಅಂದರು ಕಾಕಾ.

"ಒಂದು ಕಡಿ ಹೊಸಾದು, ಒಂದು ಕಡಿ ಹಳೇದು ಇದ್ರ ಬ್ರೇಕ್ ಹೊಡ್ದಾಗ ಗಾಡಿ ಓರೆ ಎಳೀತದ್ರಿ. ಮಳ್ಯಾಗ ಹೆದ್ದಾರಿ ಮ್ಯಾಲೆ ನೀವೇ ಹಿಡೀತೀರೇನು?"

ಕಾಕಾ ಚೌಕಾಶಿ ಬಿಡಲಿಲ್ಲ. ಶೂಗಳ ಬೆಲೆ ಇಳಿಯದಿದ್ದರೆ ಮಜೂರಿಯಾದರೂ ಇಳಿಯಲಿ ಎಂದು ಹಟ ಹಿಡಿದರು. ಅಷ್ಟರಲ್ಲಿ ಹುಡುಗ ಜಾಕನ್ನು ಎಡಗಡೆಗೆ ಎಳೆದುಕೊಂಡು ಹೋಗಿದ್ದ.