ಕಟ್ಟಿ ನೋಡದಿದ್ದರೂ ನೋಡಿ ಕೊಳ್ಳಿ!
ಕಪಿಲೆ ದಂಡೆಯಲ್ಲಿ ಹಳೇ ಮನೆ ಹುಡುಕುವವರಿಗೆ ಒಂದಿಷ್ಟು ಕಿವಿಮಾತು

ನಂಜನಗೂಡು: ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅಂದರು ಹಿರಿಯರು. ಯಾರೋ ಕಟ್ಟಿದ ಮನೆಯನ್ನು ಕೊಳ್ಳುವವನಿಗೆ ಅವರು ಏನನ್ನೂ ಹೇಳಲಿಲ್ಲ. ಹೇಳಿದ್ದರೆ ‘ನೋಡಿ ಕೊಳ್ಳಪ್ಪಾ’ ಅನ್ನುತ್ತಿದ್ದರೋ ಏನೋ. ಸಂತೆಯಲ್ಲಿ ಒಂದು ಬದನೆಕಾಯಿಯನ್ನು ನಾಲ್ಕು ಸಲ ತಿರುವಿ ನೋಡುವ ಗೃಹಸ್ಥರು, ಜೀವಮಾನದ ಗಳಿಕೆ ಸುರಿಯುವ ಮನೆಯನ್ನು ಒಂದು ಕಾಫಿ ಕುಡಿಯುವ ಹೊತ್ತಿನಲ್ಲಿ ನೋಡಿ ಮುಗಿಸುತ್ತಾರೆ. ಬಾಗಿಲು ಯಾವ ದಿಕ್ಕಿಗೆ? ಆಯ ಸರಿಯಿದೆಯೇ? ಇಷ್ಟಾದರೆ ಮುಂಗಡ ಕೈ ಬದಲಾಯಿತು ಎಂದೇ ಅರ್ಥ. ಗೋಡೆಯ ತೇವ ಕಣ್ಣಿಗೆ ಬೀಳುವುದು ಹಾಲು ಉಕ್ಕಿಸಿದ ಮೇಲೆ!

ಮೈಸೂರಿನ ಬೆಲೆ ಕೇಳಿ ಬೆಚ್ಚಿದವರು ನಂಜನಗೂಡಿನ ಕಡೆಗೋ ತಿ. ನರಸೀಪುರದ ಕಡೆಗೋ ಕಣ್ಣು ಹಾಯಿಸುವುದು ಸಹಜ. ಊರು ಹತ್ತಿರ, ಬಸ್ಸುಂಟು, ದೇವರೂ ಉಂಟು. ಆದರೆ ಎರಡೂ ಹೊಳೆ ದಂಡೆಯ ಊರು. ಹೊಳೆ ಇರುವ ಊರಿನಲ್ಲಿ ಮನೆ ನೋಡುವ ಕ್ರಮವೇ ಬೇರೆ.

ಮೊದಲು ನೀರಿನ ಗುರುತು

ಕಪಿಲೆಗೆ ನೀರು ಬರುವುದು ಕೇರಳದ ವಯನಾಡಿನ ಮಳೆಯಿಂದ. ನಂಜನಗೂಡಿನಲ್ಲಿ ಬಿಸಿಲಿದ್ದರೂ ವಯನಾಡಿನಲ್ಲಿ ಆಕಾಶ ಹರಿದರೆ ಸಾಕು. 1974ರಲ್ಲಿ ಮುಗಿದ ಬೀಚನಹಳ್ಳಿಯ ಕಬಿನಿ ಜಲಾಶಯ ಹಿಡಿಯುವುದು ಸುಮಾರು 19.5 ಟಿಎಂಸಿ ಮಾತ್ರ. ಬೇಗ ತುಂಬುತ್ತದೆ, ತುಂಬಿದರೆ ಬಿಡಲೇಬೇಕು. 2018 ಮತ್ತು 2019ರ ಆಗಸ್ಟ್‌ನಲ್ಲಿ ಮಲ್ಲನಮೂಲೆ ಮಠದ ಬಳಿ ಮೈಸೂರು ರಸ್ತೆಯ ಮೇಲೇ ನೀರು ಹರಿದು ಸಂಚಾರ ನಿಂತಿತು. 2019ರಲ್ಲಿ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿ, ಪಟ್ಟಣದ ತೋಪಿನ ಬೀದಿ, ಹಳ್ಳದಕೇರಿಯಂಥ ತಗ್ಗು ಕೇರಿಗಳ ಮನೆಗಳಿಗೆ ನೀರು ನುಗ್ಗಿತು. 2024ರ ಜುಲೈನಲ್ಲೂ ಹೊಳೆ ಉಕ್ಕಿತು. ತಿ. ನರಸೀಪುರದಲ್ಲಿ ಕಪಿಲೆಗೆ ಕಾವೇರಿ ಜೊತೆಯಾಗುತ್ತಾಳೆ. ಎರಡೂ ಒಟ್ಟಿಗೆ ತುಂಬಿ ಬಂದರೆ ಸಂಗಮದ ಹತ್ತಿರದ ತಗ್ಗಿನವರ ಪಾಡು ಕೇಳಬೇಡಿ.

‘ಒಂದು ಹನಿ ನೀರೂ ಬಂದಿಲ್ಲ ಸಾರ್’ ಎನ್ನುವುದು ದಲ್ಲಾಳಿಯ ಮಾತು. ಅದನ್ನು ಕೇಳಿಸಿಕೊಂಡು, ಪಕ್ಕದ ಮನೆ ಜಗಲಿಯ ಅಜ್ಜಿಯನ್ನು ಕೇಳಬೇಕು: ‘ಅಜ್ಜಿ, 2019ರಲ್ಲಿ ನೀರು ಎಲ್ಲಿಗಂಟ ಬಂದಿತ್ತು?’ ಆಕೆಗೆ ಕಮಿಷನ್ ಇಲ್ಲ. ‘ಆ ಮೂರನೇ ಮೆಟ್ಟಿಲಗಂಟ ಕಣಪ್ಪಾ’ ಎಂದು ಬೆರಳು ತೋರಿಸಿಬಿಡುತ್ತಾಳೆ. ಬೀರುವಿನ ಹಿಂದೆ, ಮೆಟ್ಟಿಲ ಕೆಳಗೆ, ಬಚ್ಚಲ ಮೂಲೆಯಲ್ಲಿ ನೀರಿನ ಗೆರೆ ಉಳಿದಿದೆಯೇ ನೋಡಬೇಕು. ಮನೆಯೆಲ್ಲ ಹಳೇ ಬಣ್ಣವಾಗಿ, ಗೋಡೆಯ ಕೆಳಗಿನ ಮೂರಡಿಗೆ ಮಾತ್ರ ಹೊಸ ಬಣ್ಣ ಬಿದ್ದಿದ್ದರೆ ಅದು ಅಲಂಕಾರವಲ್ಲ, ಮರೆಮಾಚು ಅಂತ ಅನುಮಾನ ಪಡಬೇಕು.

ಕಿಸೆಯಲ್ಲಿ ಏನಿರಬೇಕು?

ಬ್ಯಾಟರಿ, ಟೇಪು, ಒಂದು ರೂಪಾಯಿ ನಾಣ್ಯ, ಮಕ್ಕಳಾಡುವ ಒಂದು ಗೋಲಿ. ಜೊತೆಗೆ ನಿಮಗೆ ಗೊತ್ತಿರುವ ಒಬ್ಬ ಮೇಸ್ತ್ರಿ. ದಲ್ಲಾಳಿ ಕರೆತಂದ ಮೇಸ್ತ್ರಿ ಬೇಡ. ಹೋಗುವುದು ಹಗಲಿನಲ್ಲಿ. ಇನ್ನೊಂದು ಸಲ, ಮಳೆ ಬಿದ್ದ ಮಾರನೇ ದಿನ.

ನಾಣ್ಯದಿಂದ ಗಾರೆಯನ್ನು ತಟ್ಟಿದರೆ ‘ಡಬ ಡಬ’ ಅಂದ ಕಡೆ ಗಾರೆ ಗೋಡೆ ಬಿಟ್ಟಿದೆ ಎಂದರ್ಥ. ಗೋಲಿಯನ್ನು ನೆಲದ ಮೇಲಿಟ್ಟರೆ ಅದು ಓಡುವ ಕಡೆಗೆ ನೆಲ ಇಳಿಜಾರು. ಬಚ್ಚಲಲ್ಲಿ ಇಳಿಜಾರು ಬೇಕು, ನಡುಮನೆಯಲ್ಲಿ ಯಾಕೆ? ಗೋಡೆ ಬುಡದಲ್ಲಿ ಬಿಳೀ ಉಪ್ಪು ಕಂಡರೆ ತೇವ ಮೇಲೇರುತ್ತಿದೆ. ಸೂರಿನಲ್ಲಿ ಸಿಮೆಂಟು ಉದುರಿ ತುಕ್ಕು ಹಿಡಿದ ಕಂಬಿ ಕಂಡರೆ ಮೇಸ್ತ್ರಿ ಸಾಲದು, ಎಂಜಿನಿಯರ್ ಬರಬೇಕು. ಹೆಂಚಿನ ಮನೆಯಾದರೆ ತೊಲೆ, ರೀಪು, ಬಾಗಿಲ ಚೌಕಟ್ಟಿನ ಬುಡವನ್ನು ಚಾಕುವಿನ ಮೊನೆಯಿಂದ ಚುಚ್ಚಿ ನೋಡಬೇಕು. ಮೊನೆ ಸಲೀಸಾಗಿ ಇಳಿದರೆ ಗೆದ್ದಲು ಆಗಲೇ ಗೃಹಪ್ರವೇಶ ಮಾಡಿದೆ.

ಮಣ್ಣನ್ನೂ ವಿಚಾರಿಸಿ. ನಂಜನಗೂಡಿನ ರಸಬಾಳೆಗೆ ಹೆಸರು ತಂದ ಎರೆಮಣ್ಣು ಬಾಳೆಗೆ ಒಳ್ಳೆಯದು, ಪಾಯಕ್ಕಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಪಾಯ ಆಳವಿಲ್ಲದಿದ್ದರೆ ಗೋಡೆಯೂ ಬಾಯಿ ಬಿಡುತ್ತದೆ. ಗದ್ದೆ ತುಂಬಿಸಿ ಮಾಡಿದ ನಿವೇಶನವಾದರೆ ಮಣ್ಣು ಕೂತಿದೆಯೇ ಕೇಳಬೇಕು. ಕೂದಲೆಳೆಯಂಥ ಬಿರುಕು ಎಲ್ಲ ಮನೆಯಲ್ಲೂ ಉಂಟು, ಹೆದರಬೇಕಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಹತ್ತಿ, ನಾಣ್ಯ ತೂರುವಷ್ಟು ಅಗಲವಾದ ಬಿರುಕಿಗೆ ಹೆದರಲೇಬೇಕು.

ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ಬಿಟ್ಟು ನೋಡಿ. ಕಕ್ಕಸಿಗೆ ಎರಡು ಬಕೆಟ್ ನೀರು ಸುರಿದು, ಅದು ಹೋಗುವುದು ಒಳಚರಂಡಿಗೋ ಗುಂಡಿಗೋ ಎಂದು ತಿಳಿಯಿರಿ. ಚೆಸ್ಕಾಂ ಬಿಲ್ಲಿನ ಆರ್.ಆರ್. ನಂಬರು, ಮೀಟರಿನ ನಂಬರು ಎರಡೂ ತಾಳೆಯಾಗಬೇಕು. ಟೇಪು ತಂದಿದ್ದೀರಲ್ಲ, ಇ-ಖಾತೆಯಲ್ಲಿರುವ ಅಳತೆಯನ್ನೂ ಚೆಕ್ಕುಬಂದಿಯನ್ನೂ ಸ್ಥಳದಲ್ಲೇ ನೋಡಿಬಿಡಿ. ಮೆಟ್ಟಿಲು ಬೀದಿಗೆ ಬಂದಿದ್ದರೆ ನಾಳೆ ನಗರಸಭೆಯವರೋ ಪುರಸಭೆಯವರೋ ಬಂದು ಕೇಳುವುದು ನಿಮ್ಮನ್ನು.

ಕಾನೂನು ಏನನ್ನುತ್ತೆ?

ಋಣಭಾರ ಪತ್ರ ತೆಗೆಸಿದ್ದೇನೆ, ಇನ್ನೇನು ಭಯ ಅನ್ನುವವರುಂಟು. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಬಾಯಿಮಾತಿನ ಭೋಗ್ಯವೂ ಕಾಣದು, ಸೋರುವ ತಾರಸಿಯೂ ಕಾಣದು. ಮನೆಯಲ್ಲಿ ಬಾಡಿಗೆದಾರರಿದ್ದರೆ ಅವರು ಯಾವ ಲೆಕ್ಕದ ಮೇಲಿದ್ದಾರೆ ಎಂದು ಅವರನ್ನೇ ಕೇಳಬೇಕು.

1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೇ ಕಲಂ ಮಾರುವವನ ಮೇಲೆ ಒಂದು ಹೊಣೆ ಹೊರಿಸಿದೆ. ತನಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಅವನಿಗೆ ತಿಳಿಯಲಾರದ ಮುಖ್ಯ ದೋಷವನ್ನು ಆತ ಹೇಳಲೇಬೇಕು. ಗಂಟು ಇರುವುದು ಈ ‘ಸಾಮಾನ್ಯ ಎಚ್ಚರಿಕೆ’ಯಲ್ಲಿ. ಕಣ್ಣು ಬಿಟ್ಟು ನೋಡಿದ್ದರೆ ಕಾಣುತ್ತಿದ್ದ ಬಿರುಕಿಗೆ ಆಮೇಲೆ ಕೋರ್ಟಿಗೆ ಹೋದರೆ, ‘ಅವತ್ತು ಏನು ನೋಡಿದೆ?’ ಎಂಬ ಪ್ರಶ್ನೆ ಏಳುತ್ತದೆ. 2016ರ ರೇರಾ ಕಾಯಿದೆಯಲ್ಲಿ ಕಟ್ಟಡದ ದೋಷಕ್ಕೆ ಐದು ವರ್ಷದ ಹೊಣೆ ಇದೆ ನಿಜ. ಆದರೆ ಅದು ಹೊಸ ಯೋಜನೆ ಕಟ್ಟಿ ಮಾರುವ ಬಿಲ್ಡರುಗಳಿಗೆ. ಹಳೇ ಮನೆ ಮಾರಿ ಮಗನ ಮನೆ ಸೇರುವ ಯಜಮಾನರಿಗೆ ಅದು ತಾಗದು.

ಆದ್ದರಿಂದ ನೋಡುವ ಕೆಲಸ ಮುಂಗಡಕ್ಕೆ ಮೊದಲು ಆಗಬೇಕು. ಕಂಡ ಕುಂದುಗಳನ್ನು ಒಂದು ಹಾಳೆಯಲ್ಲಿ ಬರೆದು, ರಿಪೇರಿಗೆ ಎಷ್ಟಾಗುತ್ತದೆಂದು ಮೇಸ್ತ್ರಿಯಿಂದ ಲೆಕ್ಕ ಹಾಕಿಸಿ, ಆಮೇಲೆ ಬೆಲೆಯ ಮಾತಿಗೆ ಕೂರಬೇಕು. ಯಾವುದನ್ನು ಯಾರು, ಯಾವಾಗ ಸರಿ ಮಾಡಬೇಕು ಎಂಬುದು ಕ್ರಯದ ಕರಾರಿನಲ್ಲಿ ಬರಹದಲ್ಲಿರಬೇಕು. ‘ನಾವು ನಾವೇ ಅಲ್ಲವೇ, ಮಾಡಿಸಿಕೊಡ್ತೀನಿ ಬಿಡಿ’ ಎಂಬ ಮಾತಿಗೆ ಛಾಪಾ ಕಾಗದವಿಲ್ಲ. ಹೊಳೆ ತುಂಬಿದ ರಾತ್ರಿ ಅದು ನೆನಪಿಗೂ ಬರುವುದಿಲ್ಲ.