ಸೈಕಲ್ಲಿಗೂ ಒಬ್ಬ ಶಿಲ್ಪಿ

ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ ಸೈಕಲ್ಲುಗಳಲ್ಲಿ ಒಂದನ್ನು ಆರಿಸುವುದು ಸಿದ್ಧ ಉಡುಪನ್ನು ಕೊಂಡಂತೆ. ಚೌಕಟ್ಟು ಕಟ್ಟುವವನ ಬಳಿಗೆ ಹೋಗಿ ಅಳತೆ ಕೊಟ್ಟು ಮಾಡಿಸುವುದು ನಂಬಿದ ದರ್ಜಿಯಿಂದ ಅಂಗಿ ಹೊಲಿಸಿದಂತೆ. ಇಂಗ್ಲೆಂಡ್, ಫ್ರಾನ್ಸ್, ಇಟಲಿ, ಜಪಾನ್ ದೇಶಗಳಲ್ಲಿ ಇಂಥ ಕುಶಲಿಗಳು ಬಹುಕಾಲದಿಂದ ಇದ್ದಾರೆ. ಅವರಲ್ಲಿ ಯಾರನ್ನು ಆರಿಸಬೇಕು? ಮೇಲುನೋಟಕ್ಕೆ ಇದು ಲೆಕ್ಕದ ಪ್ರಶ್ನೆ. ವಿಚಾರಿಸಿದರೆ ರುಚಿಯ ಪ್ರಶ್ನೆ.

ಏಕೆಂದರೆ ಸಾಮಗ್ರಿ ಎಲ್ಲರಿಗೂ ಒಂದೇ. ಇಂಗ್ಲೆಂಡಿನ ರೆನಾಲ್ಡ್ಸ್ ಸಂಸ್ಥೆ 1935ರಲ್ಲಿ ಹೊರತಂದ ‘531’ ಎಂಬ ಉಕ್ಕಿನ ಕೊಳವೆಗಳು ತುದಿಗಳಲ್ಲಿ ದಪ್ಪ, ನಡುವೆ ತೆಳು. ಅವನ್ನು ಎಷ್ಟೋ ಕಾರ್ಯಶಾಲೆಗಳು ಬಳಸಿದವು. ಸವಾರನ ಕಾಲು, ತೋಳು, ಮುಂಡಗಳ ಅಳತೆ ತೆಗೆಯುವ ವಿದ್ಯೆಯೂ ಗುಟ್ಟಿನದಲ್ಲ. ಹಾಗಾದರೆ ಭೇದವೆಲ್ಲಿ?

ಭೇದ ಕಟ್ಟುವವನ ಮನೋಧರ್ಮದಲ್ಲಿದೆ. ಲಂಡನ್ನಿನ ಹೈಮನ್ ಹೆಟ್ಚಿನ್ನನ ಅಂಗಡಿಯ ಚೌಕಟ್ಟುಗಳಲ್ಲಿ ಹಿಂಚಕ್ರವನ್ನು ಹಿಡಿಯುವ ಕೊಳವೆಗಳು ಬಳ್ಳಿಯಂತೆ ಬಳುಕುತ್ತಿದ್ದವು. ಕೊಳವೆಗಳು ಕೂಡುವೆಡೆಯಲ್ಲಿ ತೊಡಿಸುವ ಲಗ್ಗುಗಳಲ್ಲಿ ಆಭರಣದ ಕುಸುರಿಯಿತ್ತು. ಮಿಲಾನಿನ ವಿಗೊರೆಲ್ಲಿ ಪಂದ್ಯಾಂಗಣದ ಅಡಿಯಲ್ಲೇ ಕುಲುಮೆ ಹೂಡಿದ್ದ ಫಲಿಯೆರೊ ಮಾಸಿಗೆ ಪಂದ್ಯದ ವೇಗವೇ ಧ್ಯೇಯ. ಫ್ರಾನ್ಸಿನ ರೆನೆ ಎರ್ಸ್ ದೂರಪ್ರಯಾಣದ ಸವಾರನನ್ನು ನೆನೆದು ಮಡ್‌ಗಾರ್ಡು, ದೀಪ, ಸಾಮಾನಿನ ತಟ್ಟೆಗಳನ್ನೂ ಚೌಕಟ್ಟಿನ ಅಂಗಗಳೆಂಬಂತೆ ಹೊಂದಿಸುತ್ತಿದ್ದ. ಮೂವರಲ್ಲಿ ಯಾರು ಮೇಲೆಂದು ಕೇಳುವುದು ಮಲ್ಲಿಗೆ ಮೇಲೋ ಸಂಪಿಗೆ ಮೇಲೋ ಎಂದು ಕೇಳಿದಂತೆ.

ಜಪಾನಿನ ಕೈರಿನ್ ಪಂದ್ಯ ಇದಕ್ಕೆ ಇನ್ನೂ ಒಳ್ಳೆಯ ನಿದರ್ಶನ. 1948ರಲ್ಲಿ ಕೊಕುರದಲ್ಲಿ ಆರಂಭವಾದ ಈ ಪಂದ್ಯದ ಮೇಲೆ ಜನ ಹಣ ಕಟ್ಟುತ್ತಾರೆ. ಆದುದರಿಂದ ಯಂತ್ರದಿಂದ ಯಾರಿಗೂ ಅನುಕೂಲವಾಗದಂತೆ ಪುರುಷರ ಪಂದ್ಯದ ಚೌಕಟ್ಟುಗಳಿಗೆ ಕಟ್ಟುನಿಟ್ಟಿನ ನಿಯಮವಿದೆ: ಉಕ್ಕಿನದೇ ಆಗಬೇಕು, ಒಪ್ಪಿಗೆ ಪಡೆದ ಕುಶಲಿಯೇ ಕಟ್ಟಿರಬೇಕು. ಭೇದವನ್ನೆಲ್ಲ ಅಳಿಸಲು ಹೊರಟ ಆ ನಿಯಮದೊಳಗೂ ಸವಾರರು ತಮ್ಮ ತಮ್ಮ ಕುಶಲಿಯನ್ನು ಅರಸಿ ಹೋಗುತ್ತಾರೆ!

ಆದರೆ ರುಚಿಗೆ ವಿವೇಕದ ಕಾವಲು ಬೇಕು. ಹಿತ್ತಾಳೆ ಬೆಸುಗೆಗೆ ಸುಮಾರು 900 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಶಾಖ ಸಾಲದಿದ್ದರೆ ಹಿತ್ತಾಳೆ ಸಂದಿನೊಳಕ್ಕೆ ಹರಿಯದು. ಮಿತಿಮೀರಿದರೆ ತೆಳು ಉಕ್ಕು ಕೆಡುತ್ತದೆ. ಎರಡು ದೋಷಗಳನ್ನೂ ಬಣ್ಣ ಮುಚ್ಚಿಬಿಡುತ್ತದೆ. ಕುಸುರಿಯ ಚೆಲುವು ತಾಳ್ಮೆಯ ಕುರುಹಾದೀತೇ ಹೊರತು ಬೆಸುಗೆಗೆ ಜಾಮೀನಲ್ಲ. ಆತ ಕಟ್ಟಿದ ಹಳೆಯ ಚೌಕಟ್ಟುಗಳು ವರ್ಷಗಟ್ಟಲೆ ಓಡಿ ಹೇಗಿವೆ ಎಂಬುದನ್ನು ನೋಡುವುದೇ ಮೇಲು.

ಕೀರ್ತಿಯನ್ನು ನೆಚ್ಚುವುದೂ ತರವಲ್ಲ. 1972ರಲ್ಲಿ ಎಡ್ಡಿ ಮರ್ಕ್ಸ್ ಮೆಕ್ಸಿಕೊ ನಗರದಲ್ಲಿ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ಕ್ರಮಿಸಿದ್ದು ಇಟಲಿಯ ಎರ್ನೆಸ್ಟೊ ಕೊಲ್ನಾಗೊ ಕಟ್ಟಿದ ಸೈಕಲ್ಲಿನ ಮೇಲೆ. ಅದರ ತೂಕ ಆರು ಕಿಲೋಗ್ರಾಮಿಗೂ ಕಡಿಮೆ. ಅದಕ್ಕೆ ಬ್ರೇಕೂ ಇರಲಿಲ್ಲ. ನುಣುಪಾದ ಅಂಗಣದ ಒಂದು ಗಂಟೆಗಾಗಿ ಹುಟ್ಟಿದ ಆ ಅದ್ಭುತವನ್ನೇರಿ ಸಂತೆಯಿಂದ ಕುಂಬಳಕಾಯಿ ತರಲಾದೀತೆ?

ಕೊನೆಯದಾಗಿ, ಒಬ್ಬನನ್ನು ಆರಿಸಿ ‘ಇನ್ನೊಬ್ಬನ ಹಾಗೆ ಮಾಡಿಕೊಡು’ ಎನ್ನುವುದು ಎಲ್ಲಕ್ಕಿಂತ ದೊಡ್ಡ ಅವಿವೇಕ. ಆಗ ಇಬ್ಬರ ಕಲೆಯೂ ದಕ್ಕದು. ತನ್ನ ಓಡಾಟ ಎಂಥದು, ತನ್ನ ಬೆನ್ನು ಎಷ್ಟು ಬಾಗೀತು, ಕಣ್ಣಿಗೆ ಯಾವುದು ತೃಪ್ತಿ ಎಂಬುದನ್ನು ಮೊದಲು ತಾನೇ ಅರಿಯಬೇಕು. ಅನಂತರ ಮನಸ್ಸಿಗೊಪ್ಪಿದವನ ಕೈಗೆ ಅಳತೆಯನ್ನೂ ನಂಬಿಕೆಯನ್ನೂ ಒಟ್ಟಿಗೇ ಒಪ್ಪಿಸಬೇಕು.