ಐದು ನಿಮಿಷದ ವಿರಾಮ, ಸೊನ್ನೆ ಕಾಲೇಜು: ಗೋವಾ ಬ್ಯಾಂಡಿನ ಲೆಕ್ಕ

ಕಳೆದ ಶತಮಾನದ ನಡುಭಾಗದಲ್ಲಿ ಫುಟ್‌ಬಾಲ್‌ನ 7ನೇ ನಿಯಮ ಮಧ್ಯಂತರ ವಿರಾಮಕ್ಕೆ ಕೊಟ್ಟಿದ್ದು ಹೆಚ್ಚೆಂದರೆ 5 ನಿಮಿಷ. ಅದಕ್ಕಿಂತ ಹೆಚ್ಚು ಬೇಕಿದ್ದರೆ ರೆಫರಿ ಒಪ್ಪಬೇಕಿತ್ತು. ಅದೇ ವರ್ಷಗಳಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲ್‌ನ ವಿರಾಮ 15ರಿಂದ 20 ನಿಮಿಷ. ಹೆಸರು ಒಂದೇ ಆದರೂ ಅದು ಬೇರೆ ಆಟ. ಆ ವಿರಾಮದಲ್ಲಿ ವಿದ್ಯಾರ್ಥಿಗಳ ವಾದ್ಯಮೇಳ ಮೈದಾನಕ್ಕಿಳಿದು, ನುಡಿಸುತ್ತಲೇ ಹೆಜ್ಜೆ ಹಾಕಿ, ಅಕ್ಷರ ಮತ್ತು ಆಕೃತಿಗಳನ್ನು ಕಟ್ಟುತ್ತಿತ್ತು. ಇದಕ್ಕೆ ಮಾರ್ಚಿಂಗ್ ಬ್ಯಾಂಡ್ ಎಂದು ಹೆಸರು. ಫುಟ್‌ಬಾಲ್ ಮತ್ತು ಕಹಳೆ ಎರಡೂ ಹಳ್ಳಿಹಳ್ಳಿಗೆ ತಲುಪಿದ್ದ ಗೋವಾದಲ್ಲಿ ಈ ಕಲೆ ಏಕೆ ಬೇರೂರಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಅಂಕಿಗಳಲ್ಲೇ ಇದೆ.

ಮೊದಲು ಅಮೆರಿಕದ ಅಳತೆ. ಅಲ್ಲಿನ ಮೈದಾನದ ಉದ್ದ ಗೋಲುಗೆರೆಯಿಂದ ಗೋಲುಗೆರೆಗೆ 100 ಗಜ, ಪ್ರತಿ 5 ಗಜಕ್ಕೊಂದು ಬಿಳಿಗೆರೆ. ಬ್ಯಾಂಡಿನವರು ಎರಡು ಗೆರೆಗಳ ನಡುವೆ 8 ಹೆಜ್ಜೆ ಇಡುವುದನ್ನು ರೂಢಿಸಿಕೊಂಡರು. ಅಂದರೆ ಹೆಜ್ಜೆಗೆ 22.5 ಅಂಗುಲ, ಪೂರ್ತಿ ಮೈದಾನಕ್ಕೆ 160 ಹೆಜ್ಜೆ. ಸೈನ್ಯದ ಹೆಜ್ಜೆ 30 ಅಂಗುಲ. ಅದಕ್ಕಿಂತ ಇದು ಶೇ 25ರಷ್ಟು ಗಿಡ್ಡ. ಸಂಗೀತದ 8 ಮಾತ್ರೆ ಮುಗಿಯುವಾಗ ಕಾಲು ಸರಿಯಾಗಿ ಗೆರೆಯ ಮೇಲಿರುತ್ತದೆ. ಆಕೃತಿ ಕಟ್ಟುವ ಗುಟ್ಟು ಇದು. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಬ್ಯಾಂಡು 1936ರಲ್ಲಿ ತನ್ನ ರಾಜ್ಯದ ಹೆಸರನ್ನು ಕೂಡಕ್ಷರದಲ್ಲಿ ಮೈದಾನದ ಮೇಲೆ ಬರೆಯಿತು. ಫ್ಲಾರಿಡಾದ ಕಪ್ಪು ಜನರ ವಿಶ್ವವಿದ್ಯಾಲಯ ಫ್ಲಾರಿಡಾ ಎ ಆ್ಯಂಡ್ ಎಂ ಬ್ಯಾಂಡು ಕಟ್ಟಿದ್ದು 1892ರಲ್ಲಿ, 16 ವಾದ್ಯಗಳಿಂದ. 1946ರಲ್ಲಿ ವಿಲಿಯಂ ಫಾಸ್ಟರ್ ಅದರ ಹೊಣೆ ಹೊತ್ತ ಮೇಲೆ ಆ ಬ್ಯಾಂಡಿನ ಹೆಜ್ಜೆ ನಿಮಿಷಕ್ಕೆ 360ರವರೆಗೆ ಏರಿತು. ಇದು ಸೈನ್ಯದ 120ರ ಮೂರು ಪಟ್ಟು.

16 ವಾದ್ಯ 100 ಆದರೆ ಸದ್ದು ಆರು ಪಟ್ಟು ಕೇಳಿಸುವುದಿಲ್ಲ. ಏರಿಕೆ ಸುಮಾರು 8 ಡೆಸಿಬಲ್ ಮಾತ್ರ. ಡೆಸಿಬಲ್ ಎಂದರೆ ಸದ್ದಿನ ಮಟ್ಟದ ಅಳತೆ. 10 ಡೆಸಿಬಲ್ ಏರಿದಾಗ ಕಿವಿಗೆ ಸದ್ದು ಎರಡು ಪಟ್ಟಾದಂತೆ ಕೇಳುತ್ತದೆ. ಇದಕ್ಕಿಂತ ಕಠಿಣವಾದದ್ದು ದೂರದ ಲೆಕ್ಕ. 30 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 349 ಮೀಟರ್. 105 ಮೀಟರ್ ಮೈದಾನದ ಈ ತುದಿಯ ನಗಾರಿ ಆ ತುದಿಯ ಕಹಳೆಗಾರನಿಗೆ ಕೇಳಲು 0.30 ಸೆಕೆಂಡ್ ಬೇಕು. ನಿಮಿಷಕ್ಕೆ 120 ಮಾತ್ರೆಯ ಓಟದಲ್ಲಿ ಒಂದು ಮಾತ್ರೆಗೆ 0.50 ಸೆಕೆಂಡ್. ಕಿವಿಯನ್ನು ನಂಬಿ ನುಡಿಸಿದವನು ಅರ್ಧ ಮಾತ್ರೆಗಿಂತ ಹೆಚ್ಚು ಹಿಂದೆ ಬೀಳುತ್ತಾನೆ. ಅವನು ನಿರ್ದೇಶಕನ ಕೈಯನ್ನು ಕಣ್ಣಿನಿಂದ ಹಿಂಬಾಲಿಸಬೇಕು; ದೂರದ ನಗಾರಿ ತಡವಾಗಿ ಕೇಳಿದರೂ ಕೈಯನ್ನೇ ನಂಬಬೇಕು. ತಿಂಗಳುಗಟ್ಟಲೆ ಅಭ್ಯಾಸವಿಲ್ಲದೆ ಇದು ಬರುವುದಿಲ್ಲ.

ಈ ಅಭ್ಯಾಸವೇ ನಿಜವಾದ ವೆಚ್ಚ. 110 ಜನರ ತಂಡ ವಾರಕ್ಕೆ 5 ದಿನ, ದಿನಕ್ಕೆ 1 ಗಂಟೆ ಕವಾಯತು ಮಾಡುತ್ತದೆ ಎಂದು ಹಿಡಿದರೆ ವಾರಕ್ಕೆ 550 ಮಾನವ-ಗಂಟೆ. ಒಬ್ಬರ ಒಂದು ಗಂಟೆಯ ದುಡಿಮೆ ಒಂದು ಮಾನವ-ಗಂಟೆ. 15 ನಿಮಿಷದ ವಿರಾಮವನ್ನು ಎರಡು ಕಾಲೇಜುಗಳು ಹಂಚಿಕೊಂಡರೆ ತಲಾ 7 ನಿಮಿಷ 30 ಸೆಕೆಂಡ್ ಸಿಗುತ್ತದೆ. ಪ್ರದರ್ಶನದ ಪ್ರತಿ ನಿಮಿಷಕ್ಕೆ 73 ಮಾನವ-ಗಂಟೆ ಬಿದ್ದಂತಾಯಿತು. ಇಷ್ಟು ಸಮಯವನ್ನು ಕೂಲಿ ಕೇಳದೆ ವಾರವಾರವೂ ಕೊಡಬಲ್ಲವರು ವಿದ್ಯಾರ್ಥಿಗಳು ಮಾತ್ರ.

ಗೋವಾದಲ್ಲಿ ಆ ವಿದ್ಯಾರ್ಥಿಗಳು ಇರಲಿಲ್ಲ. 1960ರ ಜನಗಣತಿಯಲ್ಲಿ ಗೋವಾದ ಜನಸಂಖ್ಯೆ ಸುಮಾರು 5.9 ಲಕ್ಷ, ಕಲೆ ಮತ್ತು ವಿಜ್ಞಾನದ ಪದವಿ ಕಾಲೇಜು 0. 1842ರ ವೈದ್ಯಕೀಯ ಶಾಲೆಯೊಂದಿತ್ತು. ಪದವಿ ಬೇಕಾದವರು ಮುಂಬೈಗೋ ಬೆಳಗಾವಿಗೋ ಧಾರವಾಡಕ್ಕೋ ಹೋಗುತ್ತಿದ್ದರು. ಬೆಳಗಾವಿಯ ಲಿಂಗರಾಜ ಕಾಲೇಜು 1933ರದು, ಧಾರವಾಡದ ಕರ್ನಾಟಕ ಕಾಲೇಜು 1917ರದು. 1955ರಲ್ಲಿ ಭಾರತ ಆರ್ಥಿಕ ದಿಗ್ಬಂಧನ ಹೇರಿ ರೈಲು ನಿಂತ ಮೇಲೆ ಘಟ್ಟ ಹತ್ತುವುದೂ ಕಷ್ಟವಾಯಿತು. 1961ರ ಡಿಸೆಂಬರ್ 19ರಂದು 451 ವರ್ಷಗಳ ಪೋರ್ಚುಗೀಸ್ ಆಳ್ವಿಕೆ ಕೊನೆಗೊಂಡಿತು. ಪಣಜಿಯ ಧೆಂಪೆ ಕಾಲೇಜು ಮತ್ತು ಮಡಗಾಂವಿನ ಚೌಗುಲೆ ಕಾಲೇಜು ತೆರೆದದ್ದು ಮರುವರ್ಷ, 1962ರಲ್ಲಿ.

ವಾದಕರ ಕೊರತೆಯಂತೂ ಇರಲಿಲ್ಲ. 16ನೇ ಶತಮಾನದಿಂದಲೂ ಇಗರ್ಜಿಗೆ ಅಂಟಿಕೊಂಡ ಶಾಲೆಗಳಲ್ಲಿ ಮೆಸ್ತ್ರೆ, ಅಂದರೆ ಸಂಗೀತದ ಮೇಷ್ಟ್ರು, ಮಕ್ಕಳಿಗೆ ಮೊದಲು ಸ್ವರಲಿಪಿ ಓದಲು ಕಲಿಸುತ್ತಿದ್ದರು. ವಾದ್ಯ ಕೈಗೆ ಬರುತ್ತಿದ್ದುದು ಆಮೇಲೆ. ಊರ ಫೆಸ್ತಿನ, ಅಂದರೆ ಇಗರ್ಜಿ ಹಬ್ಬದ, ದಿನ ನಸುಕಿನಲ್ಲಿ ಬ್ಯಾಂಡು ನುಡಿಸುವ ಆಲ್ವೊರಾದ್ ಇಂದಿಗೂ ಇದೆ. ಕಹಳೆಯ ಮೇಲೆ ಸಿಕ್ಕಿಸಿದ ಹಿತ್ತಾಳೆ ಚಿಮಟದಲ್ಲಿ ಒಂದು ಸಣ್ಣ ಕಾಗದವಿರುತ್ತದೆ. ಅಗಲ ಸುಮಾರು 17 ಸೆಂಟಿಮೀಟರ್, ಎತ್ತರ 13. ಒಂದು ಕಾಗದಕ್ಕೆ ಒಂದು ಮಾರ್ಚ್, ಸುಮಾರು 3 ನಿಮಿಷದ ಸಂಗೀತ. ಎಣ್ಣೆದೀಪದ ಬೆಳಕಿನಲ್ಲಿ ಅದನ್ನು ಓದುತ್ತ ನಡೆದ ಮಕ್ಕಳೇ ಮುಂದೆ ಬ್ರಿಟಿಷ್ ರೆಜಿಮೆಂಟುಗಳ, ಹಡಗುಗಳ, ಮುಂಬೈ ಹೋಟೆಲುಗಳ ವಾದಕರಾದರು. ಅವರ ಒಂದೊಂದು ಗಂಟೆಗೂ ಪಗಾರವಿತ್ತು. 550 ಮಾನವ-ಗಂಟೆಯನ್ನು ಪುಕ್ಕಟೆ ಕೊಡುವ ಸ್ಥಿತಿ ಅವರದಲ್ಲ. ಅದಕ್ಕಾಗಿ ಅವರನ್ನು ದೂರುವಂತೆಯೂ ಇಲ್ಲ.

ಇನ್ನು ಮೈದಾನ. ಪಾದ್ರಿ ವಿಲಿಯಂ ರಾಬರ್ಟ್ ಲಯನ್ಸ್ 1883ರಲ್ಲಿ ಗೋವಾದ ಶಿವೊಲಿಗೆ ಚೆಂಡು ತಂದರು. ಗೋವಾ ಫುಟ್‌ಬಾಲ್ ಸಂಸ್ಥೆ ಹುಟ್ಟಿದ್ದು 76 ವರ್ಷಗಳ ನಂತರ, 1959ರಲ್ಲಿ. ಈ ಪೂರ್ತಿ ಅವಧಿಯಲ್ಲಿ ಪಕ್ಕದ ಗೆರೆಯಲ್ಲಿ ಬ್ಯಾಂಡು ಸಿದ್ಧವಾಗಿ ನಿಂತಿದ್ದರೂ ಏನಾಗುತ್ತಿತ್ತು ಎಂದು ಎಣಿಸಬಹುದು. ಸೈನ್ಯದ ನಡಿಗೆ ನಿಮಿಷಕ್ಕೆ 120 ಹೆಜ್ಜೆ, ಹೆಜ್ಜೆಗೆ 76.2 ಸೆಂಟಿಮೀಟರ್: ನಿಮಿಷಕ್ಕೆ 91.4 ಮೀಟರ್. 68 ಮೀಟರ್ ಅಗಲದ ಮೈದಾನದ ನಡುವಿಗೆ ಹೋಗಿ ಮರಳಲು 45 ಸೆಕೆಂಡ್. 5 ನಿಮಿಷದಲ್ಲಿ ಉಳಿಯುವುದು 4 ನಿಮಿಷ 15 ಸೆಕೆಂಡ್. ಚಿಮಟದ ಒಂದು ಕಾಗದ ಮುಗಿಯುತ್ತದೆ, ಎರಡನೆಯದು ಮುಗಿಯುವುದಿಲ್ಲ. ಅಷ್ಟರಲ್ಲಿ ನುಡಿಸಬಹುದು, ಆಕೃತಿ ಕಟ್ಟಲಾಗದು.

ಗಡಿಯ ಈಚೆ, ಭಾರತದಲ್ಲಿ, ಮೇಳದ ಸಂಗೀತ ಸೈನ್ಯದ ದಾರಿ ಹಿಡಿಯಿತು. ಕೊಡಗಿನ ಕೆ.ಎಂ. ಕಾರ್ಯಪ್ಪ 1949ರಿಂದ 1953ರವರೆಗೆ ಸೇನಾ ಮುಖ್ಯಸ್ಥರಾಗಿದ್ದರು. ಪಚ್ಮಢಿಯ ಸೇನಾ ಸಂಗೀತ ಶಾಲೆ ಅವರ ಆಸಕ್ತಿಯಿಂದ 1950ರಲ್ಲಿ ಆರಂಭವಾಯಿತು. 1948ರ ಕಾಯ್ದೆಯಿಂದ ಹುಟ್ಟಿದ ವಿದ್ಯಾರ್ಥಿಗಳ ಕವಾಯತು ಪಡೆ ಎನ್‌ಸಿಸಿ 1963ರಿಂದ 1968ರವರೆಗೆ ಕಾಲೇಜುಗಳಲ್ಲಿ ಕಡ್ಡಾಯವಾಗಿತ್ತು. ಕವಾಯತಿಗೆ ಕಾಯ್ದೆಯ ಬಲ ಸಿಕ್ಕಿತು. ಕಹಳೆಗೆ ಅಂಥ ಬಲ ಸಿಗಲಿಲ್ಲ, ನನ್ನ ಮಟ್ಟಿಗೆ ಇದು ದೊಡ್ಡ ನಷ್ಟ.

ಕಾಲೇಜಿನ ಅಂಗಳ ಮತ್ತು ಗೋವಾದ ಸಂಗೀತ ಒಂದು ಸಲ ಕೂಡಿದ್ದುಂಟು, ಆದರೆ ಗೋವಾದ ಹೊರಗೆ. ಗೋವಾದ ಮಜೋರ್ಡಾದಲ್ಲಿ 1927ರಲ್ಲಿ ಹುಟ್ಟಿದ ಸಂಗೀತಗಾರ ಆಂಥನಿ ಗೊನ್ಸಾಲ್ವಿಸ್ 1958ರಲ್ಲಿ ಮುಂಬೈಯ ಸೇಂಟ್ ಝೇವಿಯರ್ಸ್ ಕಾಲೇಜಿನ ಅಂಗಳದಲ್ಲಿ 110 ವಾದಕರ ಮೇಳ ಸೇರಿಸಿದರು. ಲತಾ ಮಂಗೇಶ್ಕರ್ ಮತ್ತು ಮನ್ನಾ ಡೇ ಹಾಡಿದರು. ಅದು ಕೂತು ನುಡಿಸುವ ಮೇಳ, ವಿದ್ಯಾರ್ಥಿಗಳದ್ದಲ್ಲ.

ಫುಟ್‌ಬಾಲ್ ವಿರಾಮದ ಮಿತಿ 1990ರ ದಶಕದಲ್ಲಿ 15 ನಿಮಿಷಕ್ಕೆ ಏರಿತು. ಹೋಗಿ ಬರುವ 45 ಸೆಕೆಂಡ್ ಕಳೆದರೆ 14 ನಿಮಿಷ 15 ಸೆಕೆಂಡ್. ನಾಲ್ಕು ಕಾಗದದ ಸಂಗೀತ ನುಡಿಸಿದ ಮೇಲೂ 2 ನಿಮಿಷ 15 ಸೆಕೆಂಡ್ ಮಿಗುತ್ತದೆ. ಗೋವಾ ವಿಶ್ವವಿದ್ಯಾಲಯ 1985ರಿಂದ ಇದೆ, ಫಾತೋರ್ಡಾದ ಕ್ರೀಡಾಂಗಣ 1989ರಿಂದ. 1958ರಲ್ಲಿ ಕೂಡಿದಷ್ಟೇ ಜನರನ್ನು 11 ಜನರ 10 ಸಾಲುಗಳಲ್ಲಿ, ಇಬ್ಬರ ನಡುವೆ ಸೈನ್ಯದ ಎರಡು ಹೆಜ್ಜೆ ಬಿಟ್ಟು ನಿಲ್ಲಿಸಿದರೆ ಬೇಕಾಗುವ ಜಾಗ 209 ಚದರ ಮೀಟರ್. 105ಕ್ಕೆ 68 ಮೀಟರ್ ಮೈದಾನದಲ್ಲಿ ಅದು ಶೇ 2.9.